ಗಾಳಿ ಸೋಕದ ಕೋಣೆಗೊಂದು ಒಲೆ

ಬೆಂಗಳೂರಿನಲ್ಲಿ ಚಿಮಣಿ ಎಂದರೆ ಈಗ ಎಲ್ಲರಿಗೂ ಗೊತ್ತಿರುವುದು ಗ್ಯಾಸ್ ಒಲೆಯ ಮೇಲೆ ಗುಯ್ ಎನ್ನುತ್ತಾ ಒಗ್ಗರಣೆಯ ಘಾಟು ಎಳೆಯುವ ಪೆಟ್ಟಿಗೆ. ಕೋಣನಕುಂಟೆಯ ನನ್ನ ಶೆಡ್ಡಿನಲ್ಲಿ ನಾನು ಹೋಟೆಲುಗಳಿಗೆ ಮಾಡಿಕೊಡುವುದು ಅದರದೇ ದೊಡ್ಡಣ್ಣನನ್ನು. ಅದಕ್ಕೆ ದೊಡ್ಡ ಮೋಟರು, ದೊಡ್ಡ ಫ್ಯಾನು. ಸ್ವಿಚ್ ಒತ್ತಿದರೆ ಹೊಗೆ ಬೇಕೋ ಬೇಡವೋ ಹೊರಗೆ ಹೋಗಲೇಬೇಕು. ಮೋಟರಿಲ್ಲದೆ, ಬಿಸಿಗಾಳಿ ತಾನಾಗಿ ಮೇಲೇರುವ ಬಲವನ್ನೇ ನಂಬಿ ಹೊಗೆ ಹೊರಹಾಕುವ ಕೊಳವೆಯನ್ನು ನಾನು ಕೂರಿಸಿದ್ದು ಒಂದೇ ಸಲ, ಹೊಸಕೆರೆಹಳ್ಳಿಯ ಒಂದು ಮನೆಯ ಬಾಣಂತಿ ಕೋಣೆಗೆ. ಆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ನಾನು ತಲೆ ಎತ್ತಿ ಆ ಟೆರೇಸು ನೋಡುವುದಿಲ್ಲ.

ಮನೆಯ ಯಜಮಾನರು ಬ್ಯಾಂಕಿನಿಂದ ರಿಟೈರಾದವರು. ನಾನು ಹೊಗೆಕೊಳವೆ ಕೂರಿಸಿದ್ದ ಹೋಟೆಲಿನಲ್ಲಿ ದಿನಾ ಕಾಫಿ ಕುಡಿಯುವವರು, ಅಲ್ಲಿ ನನ್ನ ನಂಬರು ಇಸಿದುಕೊಂಡು ಶೆಡ್ಡಿಗೇ ಬಂದರು.

"ಮಗಳು ಹೆರಿಗೆಗೆ ಬಂದಿದಾಳೆ, ಮೊದಲನೇದು. ನಮ್ಮನೇಲಿ ಬಾಣಂತಿ ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಡೋದು ಪದ್ಧತಿ. ಡಾಕ್ಟರ್ ಬೈದ್ಬಿಟ್ರು, ಮುಚ್ಚಿದ ಕೋಣೇಲಿ ಕೆಂಡ ಇಟ್ರೆ ವಿಷಗಾಳಿ ಆಗುತ್ತೆ ಅಂತ. ಕರೆಂಟ್ ಹೀಟರ್ ನಮ್ಮನೆಯೋಳಿಗೆ ಬೇಡ್ವಂತೆ, ಮೈ ಒಣಗಿಸುತ್ತಂತೆ. ಹೊಗೆ ಹೊರಗೆ ಹೋಗೋ ಥರ ಒಂದು ಸೌದೆ ಸ್ಟೋವ್ ಮಾಡ್ಕೊಡ್ತೀರಾ?"

ಬೆಂಗಳೂರಿಗೆ ಯಾವ ಒಲೆ ಎಂದು ನೀವು ನಗಬಹುದು, ನಾನೂ ಒಳಗೊಳಗೇ ನಕ್ಕೆ. ಕೋಣೆ ನೋಡಿದ ಮೇಲೆ ನಗು ನಿಂತಿತು. ಒಂದೇ ಅಂತಸ್ತಿನ ಹಳೆಯ ಮನೆ. ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದ ಮೇಲೆ ಹಿಂದಿನ ಆ ಕೋಣೆ ಬಿಸಿಲನ್ನೇ ಕಂಡಿರಲಿಲ್ಲ. ಧನುರ್ಮಾಸದ ಚಳಿಗೆ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಕೋಣೆಗೆ ಸೇರಿದಂತೆ ಒಂದು ಬಚ್ಚಲು, ಅಟ್ಯಾಚ್ಡ್, ಅದರಲ್ಲೊಂದು ಎಕ್ಸಾಸ್ಟ್ ಫ್ಯಾನು. ಆ ಫ್ಯಾನನ್ನು ನಾನು ಮೊದಲ ದಿನವೇ ನೋಡಿದ್ದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

"ಮಾಡ್ಕೊಡ್ತೀನಿ ಸಾರ್, ಹೋಟೆಲ್ ಹೊಗೇನೇ ಓಡಿಸ್ತೀನಿ, ಇದೇನು ಮಹಾ" ಎಂದೆ.

ಮನೆಯಾಕೆ ಮಾತು ಕಡಿಮೆ. ಬಾಗಿಲ ಬಳಿ ನಿಂತು ಕೇಳಿದ್ದು ಒಂದೇ ವಿಷಯ: "ಮೇಲೊಂದು ಕಂಬಿ ಹಾಕ್ಕೊಡಿ. ಮಗು ಬಟ್ಟೆ ಬೆಚ್ಚಗೆ ಮಾಡ್ಕೋಬಹುದು." ಹಿಂದೆ ಕೂತಿದ್ದ ತುಂಬು ಗರ್ಭಿಣಿ ಮಗಳು ನಕ್ಕಳು. "ಅಂಕಲ್, ಅಮ್ಮ ಈ ರೂಮನ್ನ ಬಂಕರ್ ಮಾಡ್ತಾರೆ ನೋಡ್ತಿರಿ. ಒಂದು ನೊಣ ಒಳಗೆ ಬರೋಕಾಗಲ್ಲ." ನಾನೂ ನಕ್ಕೆ. ಅಂದು ಕಿವಿಗೆ ಬಿದ್ದ ಆ ಮಾತು ತಲೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಲೆ ಮಾಡುವುದೇನೂ ಕಷ್ಟವಾಗಲಿಲ್ಲ. ದಪ್ಪ ತಗಡಿನ ಪೆಟ್ಟಿಗೆ, ಒಳಗೆ ಬೆಂಕಿ ತಡೆಯುವ ಇಟ್ಟಿಗೆಯ ಸಾಲು, ಮುಂದೆ ಗಾಜಿನ ಬಾಗಿಲು, ಕೆಳಗೆ ಗಾಳಿ ಬಿಡುವ ಕಿಂಡಿ, ಮಗು ಬೆಳೆದು ಅಂಬೆಗಾಲಿಟ್ಟಾಗ ಮುಟ್ಟದಿರಲಿ ಎಂದು ಸುತ್ತ ಒಂದು ಜಾಲರಿ. ಮೇಲೆ ಆಕೆ ಕೇಳಿದ ಕಂಬಿ. ಪೈಪನ್ನು ವೆಂಟಿಲೇಟರಿನಿಂದ ಹೊರತೆಗೆದು, ಸಜ್ಜಾ ತಪ್ಪಿಸಲು ಗೋಡೆಗುಂಟ ಅಡ್ಡ ಓಡಿಸಿ, ಮತ್ತೆ ಮೇಲೆತ್ತಿ ಟೆರೇಸು ದಾಟಿಸಿದೆ. ಹೋಟೆಲಿನಲ್ಲಿ ನಾವು ಹೀಗೇ ಮಾಡುವುದು. ಎಷ್ಟು ತಿರುವು ಬಂದರೂ ಮೋಟರು ತಳ್ಳುತ್ತದೆ.

ಬೆಂಕಿ ಹಚ್ಚಿದೆ. ಹೊಗೆ ಒಂದು ಕ್ಷಣ ಪೈಪಿನ ಬಾಯಿಯ ಬಳಿ ಹೋಗಿ, ಒಳಗೆ ಯಾರೋ ಬಾಗಿಲು ಹಾಕಿಕೊಂಡಿದ್ದಾರೆ ಎಂಬಂತೆ ತಿರುಗಿ, ಸೀದಾ ನನ್ನ ಮುಖಕ್ಕೆ ಬಂತು. ಯಜಮಾನರು ಟವೆಲ್ ಬೀಸುತ್ತಾ ಓಡಾಡಿದರು.

ಮೋಟರಿಲ್ಲದ ಚಿಮಣಿಯ ಗುಣ ಆಮೇಲೆ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಒಳಗಿನ ಗಾಳಿ ಬಿಸಿಯಾಗಿ ಹಗುರಾದರೆ ಮಾತ್ರ ಮೇಲೇರುತ್ತದೆ, ಏರಿದರೆ ಮಾತ್ರ ಹಿಂದಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ನನ್ನ ಪೈಪು ಹೊರಗಿನ ಚಳಿಯಲ್ಲಿ ತಣ್ಣಗೆ ನಿಂತಿತ್ತು. ಅಡ್ಡ ಓಡಿದ ಕಡೆ ಹೊಗೆ ಸುಸ್ತಾಗಿ ಕೂತುಬಿಡುತ್ತಿತ್ತು. ನೇರ ಮೂಲೆಯ ತಿರುವುಗಳನ್ನು ಕಿತ್ತು ಓರೆ ತಿರುವು ಹಾಕಿದೆ, ಅಡ್ಡ ಪೈಪನ್ನು ಏರುಮುಖ ಮಾಡಿದೆ. ಹೊರಗಿನ ಪೈಪಿಗೆ ಉಣ್ಣೆಯಂಥ ಗಾಜಿನ ನಾರು ಸುತ್ತಿ ಮೇಲೊಂದು ತಗಡು ಹೊದಿಸಿದೆ. ಒಲೆ ಹಚ್ಚುವ ಮುನ್ನ ಒಂದು ಹಾಳೆ ಪೇಪರನ್ನು ಪೈಪಿನ ಬುಡದಲ್ಲಿ ಉರಿಸಿ ಕೊಳವೆ ಬೆಚ್ಚಗೆ ಮಾಡುವುದನ್ನು ಮನೆಯಾಕೆಗೆ ತೋರಿಸಿಕೊಟ್ಟೆ. ಆಕೆ ಒಂದೇ ಸಲಕ್ಕೆ ಕಲಿತರು.

ಬೆಳಿಗ್ಗೆ ಚೆನ್ನಾಗಿ ಎಳೆಯಿತು. ಸಂಜೆ ಗಾಳಿ ಎದ್ದಾಗ ಮತ್ತೆ ಹೊಗೆ ಉಗುಳಿತು. ಟೆರೇಸಿಗೆ ಹತ್ತಿ ಊದುಬತ್ತಿ ಹಿಡಿದು ನೋಡಿದೆ. ಪಕ್ಕದ ಎತ್ತರದ ಗೋಡೆಗೆ ಬಡಿದ ಗಾಳಿ ಕೆಳಗೆ ಜಾರಿ ನನ್ನ ಪೈಪಿನ ಬಾಯಿಗೇ ಬೀಳುತ್ತಿತ್ತು. ಆ ಕಟ್ಟಡದ ತಲೆಗಿಂತ ಮೇಲೆ ಪೈಪು ಏರಿಸುವುದು ಆಗದ ಮಾತು. ಅದಕ್ಕೇ ಪೈಪನ್ನು ಟೆರೇಸಿನ ಮೇಲೆ ಓರೆಯಾಗಿ ನೀರಿನ ಟ್ಯಾಂಕಿನಾಚೆಗೆ, ಬಯಲು ಗಾಳಿ ಸಿಗುವ ಮೂಲೆಗೆ ಸಾಗಿಸಿ, ಅಲ್ಲಿಂದ ಎತ್ತರಿಸಿ, ತಂತಿ ಬಿಗಿದು, ಮೇಲುಗಾಳಿ ಒಳನುಗ್ಗದ ಹಾಗೆ ಟೋಪಿ ಹಾಕಿದೆ. ಅಷ್ಟು ಹೊತ್ತಿಗೆ ಹೆರಿಗೆಯಾಗಿ ಮಗಳು ಆಸ್ಪತ್ರೆಯಲ್ಲಿದ್ದಳು. ಹೆಣ್ಣು ಮಗು, ತೂಕ ಸ್ವಲ್ಪ ಕಡಿಮೆ, ಬೆಚ್ಚಗಿಡಿ ಎಂದಿದ್ದರಂತೆ.

ಕೊನೆಯ ಪರೀಕ್ಷೆಯ ದಿನ ಒಲೆ ಎಷ್ಟು ಚೆನ್ನಾಗಿ ಎಳೆಯಿತೆಂದರೆ ಉರಿ ಗುರ್ ಎಂದು ಸದ್ದು ಮಾಡಿತು. ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯೂ ತೆರೆದಿತ್ತು, ನಮ್ಮ ಏಣಿ ಅದರಲ್ಲೇ ತೂರಿಕೊಂಡಿತ್ತು. ಗೋಡೆಗೆ ಒಂದು ಅಲಾರಂ ಡಬ್ಬಿ ಹಾಕಿದೆ, ಡಾಕ್ಟರು ಹೇಳಿದ ಆ ವಾಸನೆಯಿಲ್ಲದ ವಿಷಗಾಳಿ ಹೆಚ್ಚಾದರೆ ಕೂಗುವಂಥದು. "ಇದು ಕೂಗೋ ಪ್ರಮೇಯಾನೇ ಬರಲ್ಲ ಬಿಡಿ" ಎಂದು ಹೇಳಿ, ಮೆಚ್ಚುಗೆಯ ಕಾಫಿ ಕುಡಿದು ಬಂದೆ. ಚೆನ್ನಾಗಿ ಒಣಗಿದ ಸರ್ವೆ ಸೌದೆಯನ್ನೂ ನಾನೇ ಕಳಿಸಿದೆ.

ತೊಟ್ಟಿಲ ಶಾಸ್ತ್ರಕ್ಕೆ ನನ್ನನ್ನೂ ಕರೆದರು. ಯಜಮಾನರಿಗೆ ಬೀಗರ ಮುಂದೆ ಒಲೆ ಮಾಡಿದವನನ್ನು ತೋರಿಸುವ ಉಮೇದು, ನನಗೆ ತೋರಿಸಿಕೊಳ್ಳುವ ಉಮೇದು. ಅಳಿಯನ ಕಡೆಯವರು ಹುಬ್ಬಳ್ಳಿಯವರು, ಅಳಿಯ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ. ಅವನ ತಾಯಿ ಮೊಮ್ಮಗಳನ್ನು ನೋಡಲು ಅಲ್ಲಿಗೆ ಬಂದಿದ್ದರು. ಮೊದಲ ಬಾಣಂತನ ತವರಿನಲ್ಲೇ ಆಗಬೇಕೆಂದು ಮನೆಯಾಕೆ ಹಟ ಹಿಡಿದಿದ್ದು, ಆ ಮಂಜುಗಡ್ಡೆಯಂಥ ಕೋಣೆಯಲ್ಲಾ ಎಂದು ಅಳಿಯ ಹಿಂದೆಮುಂದೆ ನೋಡಿದ್ದು, ಒಲೆ ಬರುತ್ತದೆ ಎಂಬ ಮಾತಿನ ಮೇಲೆ ಒಪ್ಪಿದ್ದು, ಇದೆಲ್ಲ ನನಗೆ ತಿಳಿದದ್ದು ಆವತ್ತು ಊಟಕ್ಕೆ ಮುಂಚಿನ ಹರಟೆಯಲ್ಲಿ. ಅಂದರೆ ಮನೆಯಾಕೆ ಮಗಳನ್ನು ಉಳಿಸಿಕೊಂಡಿದ್ದು ನನ್ನ ಒಲೆಯ ಭರವಸೆಯಲ್ಲಿ.

ಬಾಣಂತಿಗೂ ಮಗುವಿಗೂ ಎಣ್ಣೆನೀರು ಆಗಿ, ಒಲೆ ಹಚ್ಚಿ ಕೋಣೆಯ ಬಾಗಿಲು ಮುಚ್ಚಿತ್ತು. ನಾವೆಲ್ಲ ಹಾಲಿನಲ್ಲಿ ಕೂತಿದ್ದೆವು. ಒಳಗೆ ಮಗು ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ನಾನು ಕೂಗುವುದೇ ಇಲ್ಲ ಎಂದಿದ್ದ ಡಬ್ಬಿ ಕೂಗತೊಡಗಿತು.

ಬಾಗಿಲು ತೆರೆದುಕೊಂಡಿತು. ಹೊಗೆಯ ನಡುವಿನಿಂದ ಮಗಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು, ಹಿಂದೆ ಕೈಯಲ್ಲಿ ಇಕ್ಕಳ ಹಿಡಿದ ಮನೆಯಾಕೆ. ಮಗು ಕೆಂಪಗಾಗಿ ಅಳುತ್ತಿತ್ತು. ಅಳುತ್ತಿದೆಯಲ್ಲ ಸದ್ಯ ಎಂದುಕೊಂಡೆ.

"ಏನ್ರೀ ಇದು? ಕೂಸಿಗೆ ಹೊಗಿ ಕುಡಸ್ತೀರೇನು?" ಎಂದರು ಅಳಿಯನ ತಾಯಿ. "ನಮ್ಮ ಕಡೆ ಹೊರಸಿನ ಬುಡಕ ಕೆಂಡಾ ಇಟ್ರೂ ಇಷ್ಟು ಹೊಗಿ ಆಗಂಗಿಲ್ಲ."

ನಾನು ಒಳಗೆ ನುಗ್ಗಿದೆ. ಬಾಗಿಲು ತೆರೆದಿತ್ತಲ್ಲ, ನಾನು ಒಲೆಯ ಮುಂದೆ ಕೂರುವಷ್ಟರಲ್ಲಿ ಹೊಗೆ ತಿರುಗಿ ಸರಾಗವಾಗಿ ಪೈಪಿಗೆ ಹೋಗುತ್ತಿತ್ತು. ಹೋದ ಜೀವ ಬಂದಂತಾಯಿತು. ಬುಟ್ಟಿಯಿಂದ ಒಂದು ತುಂಡು ಸೌದೆ ಎತ್ತಿಕೊಂಡೆ, ಎಲ್ಲರೂ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ನೋಡಿ, ಒಲೆ ಸರಿಯಾಗೇ ಎಳೀತಿದೆ" ಎಂದೆ. "ಹಚ್ಚೋದ್ರಲ್ಲಿ ಹೆಚ್ಚುಕಮ್ಮಿ ಆಗಿದೆ. ಹಸಿ ಸೌದೆ ಹಾಕ್ಬಿಟ್ಟಿದಾರೆ."

ನನ್ನ ಕೈಯಲ್ಲಿದ್ದ ಸೌದೆ ಹಪ್ಪಳದ ಹಾಗೆ ಒಣಗಿತ್ತು. ಅದು ಬಾಯಿಂದ ಮಾತು ಹೊರಬೀಳುವ ಮೊದಲೇ ನನ್ನ ಬೆರಳಿಗೆ ಗೊತ್ತಾಗಿತ್ತು.

ಮನೆಯಾಕೆ ನನ್ನ ಕೈಯ ಸೌದೆಯನ್ನು ನೋಡಿದರು, ನನ್ನ ಮುಖ ನೋಡಿದರು, ಇಕ್ಕಳವನ್ನು ಗೋಡೆಗೆ ಒರಗಿಸಿ ಇಟ್ಟರು. "ಏನೇ ನೀನು, ಅವರು ಅಷ್ಟು ಹೇಳ್ಕೊಟ್ಟಿದ್ರಲ್ಲ" ಎಂದು ಯಜಮಾನರು ಹೆಂಡತಿಯ ಮೇಲೆ ರೇಗಿದರು. ನಾನು ಆ ಸೌದೆಯನ್ನು ಮೆಲ್ಲಗೆ ಬುಟ್ಟಿಗೆ ಹಾಕಿದೆ. ಅಳಿಯ ಊಟವನ್ನೂ ಮಾಡದೆ ಕಾರು ತರಿಸಿದ. ಸಂಜೆಗೆ ಮುಂಚೆ ಬಾಣಂತಿ, ಮಗು, ತೊಟ್ಟಿಲ ಬಟ್ಟೆ ಎಲ್ಲ ಬಿಟಿಎಂಗೆ ಹೊರಟುಹೋದವು. ಹೋಗುವಾಗ ಮಗಳು "ಅಮ್ಮ" ಎಂದಳು, ಅಷ್ಟರಲ್ಲಿ ಕಾರು ಹೊರಟಿತು.

ಆಮೇಲೆ ಯಜಮಾನರ ಫೋನು ಬಂದರೆ ನಾನು ಎತ್ತುತ್ತಿರಲಿಲ್ಲ. ಶೆಡ್ಡಿನಲ್ಲಿ ಕೆಲಸವಿದ್ದರೂ ಮನಸ್ಸಿಲ್ಲ, ಊಟಕ್ಕೆ ಕೂತರೆ ಆ ಇಕ್ಕಳ ನೆನಪಾಗುವುದು. ಎಳೆಮಗುವಿನ ಕೋಣೆಗೆ ಹೊಗೆ ತುಂಬಿಸಿದ್ದು ಒಂದು. ಅದನ್ನು ಆಕೆಯ ತಲೆಗೆ ಕಟ್ಟಿದ್ದು ಇನ್ನೊಂದು. ಮೊದಲನೆಯದಕ್ಕೆ ಹೆದರಿಕೆಯಾಗುತ್ತಿತ್ತು, ಎರಡನೆಯದಕ್ಕೆ ನಾಚಿಕೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚು ಕಾಡಿತು ಎನ್ನುವುದೂ ಹೆಮ್ಮೆಯ ವಿಷಯವಲ್ಲ.

ಕೊನೆಗೆ ಯಜಮಾನರ ಮೆಸೇಜು ಬಂತು: ಬಂದು ಒಲೆ ಕಿತ್ತುಕೊಂಡು ಹೋಗಿ. ಅಷ್ಟಾದರೆ ಮುಗಿಯಿತು, ಕೈ ತೊಳೆದುಕೊಳ್ಳಬಹುದು ಎಂದುಕೊಂಡು ವೆಲ್ಡರನ್ನು ಕರೆದುಕೊಂಡು ಹೋದೆ. ಬಾಗಿಲು ತೆರೆದವರು ಮನೆಯಾಕೆ. ತೆರೆದು ಅಡುಗೆಮನೆಗೆ ಹೋಗಿಬಿಟ್ಟರು.

ಕೋಣೆ ಅವರು ಹೇಗೆ ಬಿಟ್ಟಿದ್ದರೋ ಹಾಗೇ ಇತ್ತು. ಪೈಪು ಬಿಚ್ಚಲು ಬೆಳಕು ಬೇಕೆಂದು ಕಿಟಕಿ ತೆರೆಯಹೋದೆ, ತೆರೆಯಲಿಲ್ಲ. ನೋಡಿದರೆ ಕಿಟಕಿ ಬಾಗಿಲುಗಳ ಸಂದಿಗೆಲ್ಲ ಹಳೆಯ ಸೀರೆಯ ತುಂಡುಗಳನ್ನು ಬತ್ತಿಯ ಹಾಗೆ ಹೊಸೆದು ತುರುಕಿತ್ತು. ವೆಂಟಿಲೇಟರಿನಲ್ಲಿ ಪೈಪಿನ ಸುತ್ತ ಬಿಟ್ಟಿದ್ದ ಸಂದಿಗೂ ಬಟ್ಟೆ. ಕೋಣೆಯ ಬಾಗಿಲ ಕೆಳಗೆ ಹಾಸಲು ಉದ್ದಕ್ಕೆ ಸುತ್ತಿದ ಕಂಬಳಿ. ಬಾಣಂತಿಗೆ ಗಾಳಿ ಸೋಕಬಾರದು. ನನ್ನ ಹೆಂಡತಿಯ ಬಾಣಂತನದಲ್ಲಿ ನನ್ನ ಅತ್ತೆ ಕೀಲಿಕೈ ತೂತಿಗೂ ಹತ್ತಿ ಇಟ್ಟಿದ್ದರು, ನಾನೇ ಅದನ್ನು ತಮಾಷೆ ಮಾಡಿದ್ದೆ. ಬಾಣಂತಿಯ ಕೋಣೆಗೆ ಒಲೆ ಎನ್ನುವುದು ನನಗೆ ಗೊತ್ತಿತ್ತು, ಬಾಣಂತಿಯ ಕೋಣೆ ಹೇಗಿರುತ್ತದೆ ಎನ್ನುವುದೂ ಗೊತ್ತಿತ್ತು. ಪರೀಕ್ಷೆ ಮಾಡಿದ್ದು ಮಾತ್ರ ಕಿಟಕಿಯಲ್ಲಿ ಏಣಿ ಇಟ್ಟುಕೊಂಡು.

ಸೀರೆಯ ತುಂಡು ಎಳೆಯಲು ಹಿಡಿದಿದ್ದ ಕೈ ನಿಂತಿತು. ಎಳೆದರೆ, ಕಿತ್ತುಕೊಂಡು ಹೋದರೆ, ಹಸಿ ಸೌದೆ ಎಂಬ ನನ್ನ ಮಾತೇ ಆ ಮನೆಯಲ್ಲಿ ಉಳಿಯುತ್ತದೆ. ವೆಲ್ಡರನಿಗೆ ಸ್ಪ್ಯಾನರು ಕೆಳಗಿಡಲು ಹೇಳಿದೆ.

"ಸಾರ್, ಕೀಳೋಕೆ ಮುಂಚೆ ಒಂದ್ಸಲ ಹಚ್ಚಿ ನೋಡ್ಬೇಕು" ಎಂದೆ ಯಜಮಾನರಿಗೆ. "ಬಾಗಿಲ ಆಚೆ ನಿಂತಿರಿ, ಅಲಾರಂ ಕೂಗಿದ್ರೆ ತೆಗೀರಿ."

ಬಾಗಿಲು ಹಾಕಿ, ಕಂಬಳಿ ಹಾಸಿ, ಪೇಪರು ಉರಿಸಿ ಒಲೆ ಹಚ್ಚಿದೆ. ಒಲೆಬಾಯಿಯ ಬಳಿ ಊದುಬತ್ತಿ ಹಿಡಿದು ಕೂತೆ. ಹೊಗೆಯ ಎಳೆ ಮೊದಲು ಒಲೆಯೊಳಗೆ ಬಾಗಿತು. ಉರಿ ಜೋರಾದಂತೆ ನೆಟ್ಟಗೆ ನಿಂತಿತು, ಅತ್ತಿತ್ತ ಅನುಮಾನಿಸಿತು. ಒಳಗೆ ಗಾಳಿಯೇ ಬರದಿದ್ದರೆ ಒಲೆ ಏನನ್ನು ಎಳೆಯಬೇಕು? ಆಗ ಎಣ್ಣೆನೀರಿನ ದಿನ ನೆನಪಾಗಿ ಬಚ್ಚಲಿನ ಬಾಗಿಲು ತೆರೆದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒತ್ತಿದೆ. ಸ್ನಾನದ ಹಬೆ ಹೋಗಲೆಂದು ಆವತ್ತು ನೆಂಟರ ಗಡಿಬಿಡಿಯಲ್ಲಿ ಯಾರೋ ಒತ್ತಿರಬೇಕು. ಫ್ಯಾನು ಕೋಣೆಯ ಗಾಳಿ ಹೊರಗೆ ತಳ್ಳತೊಡಗಿತು, ಅದಕ್ಕೆ ಬದಲು ಗಾಳಿ ಬರಲು ಉಳಿದಿದ್ದ ದಾರಿ ಒಂದೇ, ನನ್ನ ಚಿಮಣಿ. ಊದುಬತ್ತಿಯ ಎಳೆ ನನ್ನ ಕಡೆಗೆ ತಿರುಗಿತು. ಅದರ ಹಿಂದೆಯೇ ಒಲೆಯ ಹೊಗೆ.

ಫ್ಯಾನು ಆರಿಸಿ ಒಂದು ಸೀರೆಯ ತುಂಡು ಎಳೆದೆ, ಹೊಗೆ ಮೇಲಕ್ಕೆ ಹೋಯಿತು. ಮತ್ತೆ ತುರುಕಿ ಫ್ಯಾನು ಹಾಕಿದೆ, ವಾಪಸು ಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಗೆಯಿಂದಲೇ ಎಂದು ಇಟ್ಟುಕೊಳ್ಳಿ. ಎಷ್ಟು ಗಾಳಿ ಹೊರಗೆ ಹೋಗುತ್ತದೋ ಅಷ್ಟು ಒಳಗೆ ಬರಬೇಕು ಎಂದು ನಾನು ಪ್ರತಿ ಹೋಟೆಲ್ ಮಾಲೀಕನಿಗೂ ಪಾಠ ಹೇಳುತ್ತೇನೆ. ಅವರು ತಾಜಾ ಗಾಳಿಯ ಕೊಳವೆ ಬೇಡವೆಂದರೆ ಜಗಳವಾಡುತ್ತೇನೆ.

ಒಲೆ ಕೀಳಲಿಲ್ಲ. ಅದರ ಹಿಂದೆ ಗೋಡೆ ಕೊರೆದು, ಹೊರಗಿನಿಂದ ಸೀದಾ ಉರಿಯ ಕೆಳಗಿನ ಕಿಂಡಿಗೇ ಒಂದು ಗಾಳಿ ಪೈಪು ಕೂರಿಸಿದೆ. ಇನ್ನು ಒಲೆ ಉಸಿರಾಡಲು ಕೋಣೆಯ ಗಾಳಿ ಬೇಡ. ಒಲೆಯ ಬಾಗಿಲಿಗೆ ಬೆಂಕಿ ತಡೆಯುವ ಹಗ್ಗದ ಅಂಚು ಕಟ್ಟಿದೆ. ಬಚ್ಚಲಿನ ಬಾಗಿಲ ಸುತ್ತ ರಬ್ಬರು, ಅದರ ಹೊರಗೋಡೆಯಲ್ಲಿ ಫ್ಯಾನಿಗೇ ಬೇರೆ ಗಾಳಿಕಿಂಡಿ. ಕೋಣೆಯಲ್ಲಿ ಇರುವವರ ಉಸಿರಿಗೆಂದು ಸೂರಿನ ಹತ್ತಿರ ಅಂಗೈಯಷ್ಟು ಜಾಲರಿ ಬಿಟ್ಟೆ. ಆಮೇಲೆ ಎಲ್ಲ ಸಂದಿಗೂ ಸೀರೆ ತುರುಕಿ, ಬಾಗಿಲು ಹಾಕಿ, ಫ್ಯಾನು ಹಾಕಿ, ಒಲೆ ಹಚ್ಚಿದೆ. ಊದುಬತ್ತಿಯ ಎಳೆ ಅಲುಗಲಿಲ್ಲ. ಉರಿ ಗುರ್ ಎಂದಿತು. ಅಲಾರಂ ಸುಮ್ಮನಿತ್ತು. ಕೋಣೆ ಬೆಚ್ಚಗಾಯಿತು, ಮಂಚ ಖಾಲಿ ಇತ್ತು.

ಹೊರಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಸೌದೆ ಒಣಗಿತ್ತು, ಹಚ್ಚಿದ್ದೂ ಸರಿಯಿತ್ತು, ತಪ್ಪು ನನ್ನದು ಎಂದೆ. ಅವರು ಹೆಂಡತಿಯ ಕಡೆ ನೋಡಲಾಗದೆ ಕನ್ನಡಕ ಒರೆಸಿಕೊಂಡರು.

"ನಮಗೆ ಹೇಳಿ ಏನ್ ಬಂತು?" ಎಂದರು ಮನೆಯಾಕೆ, ಅಡುಗೆಮನೆಯ ಬಾಗಿಲಿಂದ. ಆವತ್ತಿನಿಂದ ನನ್ನೊಂದಿಗೆ ಆಡಿದ ಮೊದಲ ಮಾತು ಅದು. "ನಾನು ಹಸಿ ಸೌದೆ ಹಾಕಿಲ್ಲ ಅಂತ ನನಗೆ ಗೊತ್ತೇ ಇತ್ತು."

"ಅಳಿಯಂದ್ರಿಗೆ ಫೋನ್ ಮಾಡಿ ಹೇಳ್ತೀನಮ್ಮ."

"ಅವತ್ತು ಫೋನಲ್ಲಿ ಹೇಳಿದ್ರಾ?"

ಆಕೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಲೆಯ ಬಾಗಿಲು ತೆರೆದು ಸೌದೆ ಹಾಕಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಕೈಯಲ್ಲಿ ಬಟ್ಟೆಚೀಲವಿತ್ತು. ಹಳೆಯ ಮೆತ್ತನೆ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆಗಳನ್ನು ಕಂಬಿಯ ಮೇಲೆ ಬೆಚ್ಚಗೆ ಮಾಡಿ, ಒಂದರೊಳಗೊಂದು ಮಡಿಸಿ ತುಂಬಿದ್ದರು.

"ಗಾಡಿ ತೆಗೀರಿ" ಎಂದರು.

ನನ್ನ ಸ್ಕೂಟರಿನ ಹಿಂದೆ ಅಡ್ಡ ಕೂತು, ಚೀಲವನ್ನು ಎದೆಗವಚಿಕೊಂಡರು. ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ನಿಂತಾಗ ಚೀಲ ನನ್ನ ಬೆನ್ನಿಗೆ ತಗುಲಿತು, ಬೆಚ್ಚಗಿತ್ತು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಸಾಗುವಾಗ ಮತ್ತೆ ಮತ್ತೆ ತಗುಲಿತು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಆರುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಗಾಳಿಯ ಒತ್ತಡ, ಫ್ಯಾನಿನ ಸೆಳೆತ, ಸಂದಿಗೆ ತುರುಕಿದ ಬಟ್ಟೆ. ಕೇಳಿದವರಿಗೆ ಅರ್ಧ ತಪ್ಪು ಆಕೆಯದೇ ಎನ್ನಿಸುವ ಹಾಗೆ ಅದು ಜೋಡಣೆಯಾಗುತ್ತಿತ್ತು. ನನ್ನ ಬುದ್ಧಿ ಆಗಲೂ ಹಾಗೇ ಓಡುತ್ತಿತ್ತು.

ಬಾಗಿಲು ತೆರೆದದ್ದು ಅಳಿಯ. ಹಿಂದೆ ಅವನ ತಾಯಿ. "ಇವ್ರು ಯಾರ್ರೀ?" ಎಂದರು, ಹೆಲ್ಮೆಟ್ಟಿನೊಳಗಿನ ನನ್ನ ಗುರುತು ಹತ್ತದೆ.

"ಒಲೆಯವರು" ಎಂದರು ಮನೆಯಾಕೆ. "ಏನೋ ಹೇಳ್ಬೇಕಂತೆ, ಕೇಳಿ."

ಜೋಡಿಸಿಕೊಂಡಿದ್ದೆಲ್ಲ ಬಿಟ್ಟೆ. "ಆವತ್ತು ಸೌದೆ ಹಸಿ ಇರಲಿಲ್ಲ. ನನ್ನ ಕೈಯಲ್ಲೇ ಇತ್ತು, ಒಣಗಿತ್ತು, ನನಗೆ ಗೊತ್ತಿತ್ತು. ಒಲೆ ನಾನು ತಪ್ಪಾಗಿ ಕೂರಿಸಿದ್ದೆ. ಇವರ ಮೇಲೆ ಸುಳ್ಳು ಹೇಳಿದೆ."

"ಮಗುವಿನ ವಿಷ್ಯ ರೀ ಅದು" ಎಂದ ಅಳಿಯ, ಅಷ್ಟೇ. ಅವನು ಬೈದಿದ್ದರೆ ಚೆನ್ನಾಗಿತ್ತು. ಅವನ ತಾಯಿ ಬೀಗಿತ್ತಿಯ ಮುಖ ನೋಡಿ, ಬಾಗಿಲಿಂದ ಪಕ್ಕಕ್ಕೆ ಸರಿದು, "ಬರ್ರಿ, ಒಳಗ ಬರ್ರಿ" ಎಂದರು. ಆ ಕರೆ ನನಗಲ್ಲ.

ಮನೆಯಾಕೆ ಅಲ್ಲೇ ಚೀಲದೊಳಗೆ ಕೈಹಾಕಿ ನೋಡಿದರು. "ಮೇಲಿಂದು ಆರಿದೆ. ಒಳಗಿನ ಮಡಿಕೆ ಬಿಸಿ ಇದೆ ಇನ್ನೂ" ಎಂದು ಯಾರಿಗೂ ಅಲ್ಲದೆ ಹೇಳಿಕೊಂಡು ಒಳಕೋಣೆಯ ಕಡೆ ನಡೆದರು. ಪರದೆ ಸರಿಸಿ ಹೊಸ್ತಿಲಲ್ಲಿ ಕ್ಷಣ ನಿಂತರು, ಹೋಗಬಹುದೋ ಇಲ್ಲವೋ ಎನ್ನುವ ಹಾಗೆ.

ಒಳಗಿನಿಂದ ಮಗಳ ದನಿ ಕೇಳಿಸಿತು. ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ.

"ಬಂದು ಬಾಗಿಲು ಹಾಕಮ್ಮ, ಗಾಳಿ ಬರ್ತಿದೆ."